ಒಂದು ಸ್ಕ್ರೂವಿನ ಕಾಲು ಸುತ್ತು

ಆಕೆ ಬಂದಾಗ ನಾನು ನನ್ನ ಕ್ಯಾಮರಾ ರಿಪೇರಿ ಅಂಗಡಿಯ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದೆ. ತಾಳ್ಯದ ಕಡೆಯ ಒಂದು ಹಳ್ಳಿಯವರು, ಕುರಿ ಸಾಕುವ ಮನೆತನ, ವಯಸ್ಸು ನಲವತ್ತರ ಆಚೀಚೆ. ಕೈಚೀಲದಿಂದ ಒಂದು ಸಿ.ಡಿ. ತೆಗೆದು ಮೇಜಿನ ಮೇಲಿಟ್ಟರು. ಕವರಿನ ಮೇಲೆ ಅವರದೇ ಮದುವೆಯ ಫೋಟೊ ಇತ್ತು.

"ಅಣ್ಣಾ, ಇದ್ರಾಗೆ ನಮ್ಮ ದಾರಿ ಐತೆ. ಅದು ಕಾಣಂಗೆ ಮಾಡಿಕೊಡ್ರಿ."

"ಕುಂತ್ಕಳ್ರಮ್ಮ. ಯಾವ ದಾರಿ?"

ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದರು. ಅವರ ಹಟ್ಟಿಯಿಂದ ಕೆರೆಗೆ ಎರಡು ಹೊಲಗಳ ನಡುವೆ ಒಂದು ದಾರಿ ಇತ್ತಂತೆ. ನಕ್ಷೆಯಲ್ಲಿ ಇಲ್ಲ, ಬಳಕೆಯಲ್ಲಿತ್ತು. ಪಕ್ಕದ ಜಮೀನಿನವರು ತೆಂಗಿನ ಸಸಿ ಇಟ್ಟು, ತಂತಿ ಬೇಲಿ ಬಿಗಿದು, ದಾರಿಯನ್ನೂ ಒಳಗೆ ಹಾಕಿಕೊಂಡಿದ್ದಾರೆ. ಈಗ ಹಿಂಡು ನೀರಿಗೆ ಹೋಗಬೇಕೆಂದರೆ ಟಾರು ರಸ್ತೆ ಸುತ್ತಿಕೊಂಡು ಹೋಗಬೇಕು. ಮೂರು ಕುರಿ ಲಾರಿಗೆ ಸಿಕ್ಕಿವೆ. ಹೊಳಲ್ಕೆರೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ ಇಟ್ಟಿದ್ದಾರೆ, ಅಲ್ಲಿ ಪಕ್ಕದವರು "ಇಲ್ಲಿ ಯಾವತ್ತೂ ದಾರಿ ಇರಲಿಲ್ಲ" ಎಂದು ಬರೆದುಕೊಟ್ಟಿದ್ದಾರೆ. ಇತ್ತು ಅನ್ನುವುದಕ್ಕೆ ಏನಾದರೂ ತನ್ನಿ ಎಂದು ಇವರಿಗೆ ಹನ್ನೆರಡು ದಿನ ಕೊಟ್ಟಿದ್ದರು.

"ನಾನು ಈ ಮನೆಗೆ ಬಂದಿದ್ದೇ ಆ ದಾರಿಯಾಗೆ ನಡ್ಕಂಡು. ವಿಡಿಯೋದೋರು ಮುಂದೆ ಹಿಡ್ಕಂಡು ಹೋಗ್ತಾ ಇದ್ರು. ಅದೆಂಗೆ ಇರಲಿಲ್ಲ ಅಂತಾರೆ?"

ಸಿ.ಡಿ. ಹಾಕಿದೆ. ಧಾರೆ ಆಯಿತು, ಊಟ ಆಯಿತು. ಹೆಣ್ಣು ಗಂಡಿನ ಮನೆಗೆ ಬರುವ ಭಾಗ ಬಂತು. ಪರದೆಯ ಮೇಲೆ ಎರಡು ದೊಡ್ಡ ಹೃದಯಗಳು ಮೂಡಿದವು. ಒಂದರೊಳಗೆ ಗಂಡು, ಇನ್ನೊಂದರೊಳಗೆ ಹೆಣ್ಣು. ಕೆಳಗೆ ಹಂಸ, ಮೇಲಿನಿಂದ ಗುಲಾಬಿ ಎಸಳು, ಹಿಂದೆ ಸಿನಿಮಾ ಹಾಡು. ಹೃದಯಗಳ ಹಿಂದೆ ಏನೋ ಹಸಿರು ಅಲ್ಲಾಡುತ್ತಿತ್ತು. ಅದೇ ದಾರಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ಜಿಲ್ಲೆಯ ಮದುವೆಗಳೆಲ್ಲ ಹೀಗೇ ಎಡಿಟ್ ಆಗುತ್ತಿದ್ದವು. ನನಗೆ ನಗು ಬಂತು. ಆಕೆಯ ಮುಖ ನೋಡಿ ನುಂಗಿಕೊಂಡೆ.

"ಈ ಹೃದಯ ತೆಗೆಯೋಕೆ ಬರಲ್ಲ ಕಣಮ್ಮ. ಮೂಲ ಕ್ಯಾಸೆಟ್ಟು ಬೇಕು," ಎಂದೆ.

ವಿಡಿಯೋ ಹೊಡೆದಾತ ಹೊಸದುರ್ಗದವನು, ನನಗೆ ಹಳೆಯ ಪರಿಚಯ, ನನಗಿಂತ ಐದಾರು ವರ್ಷ ಚಿಕ್ಕವನು. ಈಗ ಫ್ಲೆಕ್ಸ್ ಬ್ಯಾನರ್ ಮಾಡಿಕೊಂಡಿದ್ದಾನೆ. ಮೂಲ ಕ್ಯಾಸೆಟ್ಟು ಸಿಗುವ ಆಸೆ ನನಗೇನೂ ಇರಲಿಲ್ಲ. ಆ ಕಾಲದಲ್ಲಿ ಸಿ.ಡಿ. ಕೊಟ್ಟ ಮೇಲೆ ಅದೇ ಟೇಪಿನ ಮೇಲೆ ಮುಂದಿನ ಮದುವೆ ಹೊಡೆಯುವುದು ಎಲ್ಲರ ಪದ್ಧತಿ. ಆದರೂ ಫೋನು ಮಾಡಿದೆ.

"ಐತೆ ಅಣ್ಣಾ," ಎಂದ. "ಆ ವರ್ಷದ್ದು ಒಂದು ಪೆಟ್ಟಿಗೆ ಹಂಗೇ ಐತೆ. ಆದ್ರೆ ಓಡಲ್ಲ. ಹಳೇ ಕ್ಯಾಮರಾ ಕೆಟ್ಟು ನಾನು ಬೇರೆ ಕಂಪನೀದು ತಗಂಡ್ನಲ್ಲ, ಅದ್ರಾಗೆ ಒಂದೂ ಬರಲಿಲ್ಲ. ಟೇಪೇ ಕೆಟ್ಟಾವೆ ಅಂತ ಮೂಲೆಗೆ ಹಾಕಿದೆ. ಚೆನ್ನಾಗಿದ್ದಿದ್ರೆ ಇನ್ನೊಂದು ಮದುವೆ ಹೊಡೀತಿದ್ದೆ, ನಿಮಗೆಲ್ಲಿ ಸಿಗ್ತಿತ್ತು?"

ಮರುದಿನ ಬಸ್ ಕಂಡಕ್ಟರ್ ಕೈಯಲ್ಲಿ ಕ್ಯಾಸೆಟ್ಟು ಬಂತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಮಿನಿ ಡಿವಿ. ಚೀಟಿಯ ಮೇಲೆ ಊರಿನ ಹೆಸರು, ಪಕ್ಕದಲ್ಲಿ "ಎಲ್.ಪಿ." ಎಂದು ಬರೆದಿತ್ತು. ಅಂದರೆ ಟೇಪನ್ನು ನಿಧಾನ ಓಡಿಸಿ, ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಒಂದೂವರೆ ಗಂಟೆ ತುಂಬಿಸಿದ್ದ. ಬೂಷ್ಟು ಇಲ್ಲ, ಮಡಿಕೆ ಇಲ್ಲ. ನನ್ನ ಹತ್ತಿರ ಓಡುವ ಸ್ಥಿತಿಯಲ್ಲಿರುವ ಮಿನಿ ಡಿವಿ ಕ್ಯಾಮರಾ ಒಂದೇ ಇದೆ. ಅದಕ್ಕೆ ಹೊಂದುವ ಕಿಂಡಿ ಇರುವ ಹಳೆಯ ಲ್ಯಾಪ್‌ಟಾಪನ್ನೂ ಅದಕ್ಕೋಸ್ಕರವೇ ಸಾಕಿಕೊಂಡಿದ್ದೇನೆ. ಟೇಪು ಹಾಕಿ ಓಡಿಸಿದೆ.

ನೀಲಿ ಪರದೆ ಬಂತು. ಆಗೊಮ್ಮೆ ಈಗೊಮ್ಮೆ ಅಡ್ಡಡ್ಡ ಪಟ್ಟಿಗಳಲ್ಲಿ ಚೌಕ ಚೌಕ ಬಣ್ಣ, ಒಂದು ಪಟ್ಟಿಯಲ್ಲಿ ಯಾರದೋ ಪೇಟದ ತುದಿ. ಶಬ್ದವಂತೂ ಪೂರ್ತಿ ಇಲ್ಲ.

ಟೇಪು ಓದುವ ಹೆಡ್ಡು ಒರೆಸಿದೆ, ಮತ್ತೆ ಹಾಕಿದೆ, ಅದೇ. ಬೇರೆ ಗಿರಾಕಿಯ ಟೇಪು ಹಾಕಿದರೆ ಕನ್ನಡಿಯಂತೆ ಬಂತು. ಕ್ಯಾಮರಾದ ತಪ್ಪಲ್ಲ.

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಕೇಳಿದರೂ ವಿಡಿಯೋದವರು ಒಂದೇ ಮಾತು ಹೇಳುತ್ತಾರೆ. ಒಂದು ಕಂಪನಿಯ ಕ್ಯಾಮರಾದ ಟೇಪು ಇನ್ನೊಂದು ಕಂಪನಿಯದಕ್ಕೆ ಆಗಲ್ಲ ಅನ್ನುವುದು. ಗಿರಾಕಿಗಳಿಗೆ ನಾನೂ ಎಷ್ಟೋ ಸಲ ಹಾಗೇ ಹೇಳಿ ಕಳಿಸಿದ್ದೇನೆ. ಪೂರ್ತಿ ಸುಳ್ಳಲ್ಲ. ಟೇಪಿನ ಮೇಲೆ ಚಿತ್ರ ಓರೆ ಗೆರೆಗಳಾಗಿ ಬರೆದಿರುತ್ತದೆ. ಎಲ್.ಪಿ.ಯಲ್ಲಿ ಆ ಗೆರೆ ಎಷ್ಟು ಸಣ್ಣದೆಂದರೆ ತಲೆಗೂದಲಿನ ಅಗಲದಲ್ಲಿ ಹತ್ತು ಹಿಡಿಸುತ್ತವೆ. ಬರೆದ ಕ್ಯಾಮರಾ, ಓದುವ ಕ್ಯಾಮರಾ ಎರಡೂ ಸರಿ ಇದ್ದರೂ ಚೂರುಪಾರು ವ್ಯತ್ಯಾಸಕ್ಕೆ ಚಿತ್ರ ಒಡೆಯುತ್ತದೆ. ಹಾಗಾಗಿ ಅದೇ ಕಂಪನಿಯ, ಸಾಧ್ಯವಾದರೆ ಅದೇ ಮಾಡೆಲ್ಲಿನ ಕ್ಯಾಮರಾ ಹುಡುಕಬೇಕೆಂದು ಹೊರಟೆ.

ಹೊಳಲ್ಕೆರೆಯ ಸ್ಟುಡಿಯೋದಲ್ಲಿ ಅದೇ ಕಂಪನಿಯದು ಸಿಕ್ಕಿತು, ಮಾಡೆಲ್ ಬೇರೆ. ಅದರಲ್ಲೂ ನೀಲಿ. ಹಿರಿಯೂರಿನಲ್ಲಿ ಒಬ್ಬರು ಅದೇ ಮಾಡೆಲ್ಲನ್ನು ಅಟ್ಟದಿಂದ ಇಳಿಸಿಕೊಟ್ಟರು. ಬೆಲ್ಟು ಬಿಗಿ ಮಾಡಿ, ಹೆಡ್ಡು ಒರೆಸಿ, ಅರ್ಧ ದಿನ ಅದರ ಸೇವೆ ಮಾಡಿ ಟೇಪು ಹಾಕಿದೆ. ನೀಲಿ, ಚೌಕ, ಪೇಟದ ತುದಿ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಐದು ದಿನ ಹೋಗಿತ್ತು. ಆಕೆ ದಿನಕ್ಕೊಮ್ಮೆ ಫೋನು ಮಾಡಿ "ಏನಾತಣ್ಣ?" ಎಂದಷ್ಟೇ ಕೇಳುತ್ತಿದ್ದರು.

ಕಂಪನಿಯ ತಕರಾರು ಅಲ್ಲವೆಂದು ಆಗಲೇ ಖಾತ್ರಿಯಾದದ್ದು. ಮೊದಲಿನಿಂದ ಯೋಚಿಸಿದೆ. ಪ್ರತಿ ಓರೆ ಗೆರೆಯ ಆರಂಭದಲ್ಲಿ ಶಬ್ದ ಬರೆದಿರುತ್ತದೆ, ಆಮೇಲೆ ಚಿತ್ರ. ನಮಗೆ ಶಬ್ದ ಒಂದಿಷ್ಟೂ ಇಲ್ಲ, ಚಿತ್ರ ತುಣುಕು ತುಣುಕು. ಅಂದರೆ ಗೆರೆಯ ತಲೆಯ ಭಾಗವೇ ತಪ್ಪುತ್ತಿದೆ. ಹೆಡ್ಡು ಕೂರಿಸಿರುವ ಡ್ರಮ್ಮು ತಿರುಗುತ್ತಿರುತ್ತದೆ, ಟೇಪು ಅದಕ್ಕೆ ಹತ್ತುವ ಕಡೆ ಒಂದು ಪುಟ್ಟ ಉರುಳೆ ಕಂಬ ಇರುತ್ತದೆ. ಟೇಪು ಎಷ್ಟು ಎತ್ತರದಲ್ಲಿ ಹೋಗಬೇಕೆಂದು ಅದು ತೀರ್ಮಾನಿಸುತ್ತದೆ. ಅದರ ತಲೆಯಲ್ಲೊಂದು ಸ್ಕ್ರೂ. ಬರೆದ ಕ್ಯಾಮರಾದಲ್ಲಿ ಆ ಕಂಬವೇ ತಪ್ಪು ಎತ್ತರದಲ್ಲಿದ್ದಿರಬೇಕು. ಆ ಕ್ಯಾಮರಾ ತಾನು ಸೊಟ್ಟ ಬರೆದದ್ದನ್ನು ತಾನೇ ಸೊಟ್ಟ ಓದಿಕೊಳ್ಳುತ್ತಿತ್ತು. ಉಳಿದ ಲೋಕಕ್ಕೆ ಅದು ಓದಲು ಬರುತ್ತಿರಲಿಲ್ಲ.

ಹೊಸದುರ್ಗಕ್ಕೆ ಹೋದೆ. "ಹಳೇ ಕ್ಯಾಮರಾ ಏನ್ ಮಾಡಿದೆಯಪ್ಪ? ಗುಜರಿಗೆ ಹಾಕಿದ್ಯಾ?"

"ಅನ್ನ ಹಾಕಿದ್ದನ್ನ ಗುಜರಿಗೆ ಹಾಕ್ತಾರೇನಣ್ಣ?" ಎಂದು ದೇವರ ಮನೆಗೆ ಕರೆದುಕೊಂಡು ಹೋದ. ಗೂಡಿನಲ್ಲಿ ಲಕ್ಷ್ಮಿ ಫೋಟೊದ ಪಕ್ಕದಲ್ಲಿ ಕ್ಯಾಮರಾ ಕುಳಿತಿತ್ತು. ಜೀವ ಹೋಗಿ ಇಪ್ಪತ್ತು ವರ್ಷವಾಗುತ್ತ ಬಂದರೂ ಪ್ರತಿ ಆಯುಧ ಪೂಜೆಗೆ ಅದಕ್ಕೆ ಪೂಜೆ ನಿಂತಿಲ್ಲ. ಲೆನ್ಸಿನ ಸುತ್ತ ವಿಭೂತಿ ಪಟ್ಟೆ, ಕ್ಯಾಸೆಟ್ಟಿನ ಬಾಗಿಲಿನ ಮೇಲೆ ಅರಿಶಿನ, ಕುಂಕುಮ. ಕೈಮುಗಿದು ಇಳಿಸಿ ನನ್ನ ಮುಂದಿಟ್ಟ. ಟೀ ತರಲು ಒಳಗೆ ಹೋದ.

ನಾನು ಮುಚ್ಚಳ ಬಿಚ್ಚಿದೆ. ಹತ್ತುವ ಕಡೆಯ ಕಂಬದ ಬುಡದಲ್ಲಿ, ಒಣಗಿದ ಗ್ರೀಸಿನಲ್ಲಿ, ಕೆಂಪು ಕಣಗಳಿದ್ದವು. ಕುಂಕುಮ. ಸ್ಕ್ರೂವಿನ ತಲೆಯ ಮೇಲೆ ಒಂದು ಚುಕ್ಕೆ ನೇರಳೆ ಬಣ್ಣ.

ಆ ನೇರಳೆ ನನ್ನದು. ನನ್ನ ಹೆಂಡತಿ ಹಿಂದೆ ಒಮ್ಮೆ ಕೊಂಡು, ಹಚ್ಚಿ ನೋಡಿ, ಬೇಡವೆಂದು ಬಿಟ್ಟ ಉಗುರು ಬಣ್ಣದ ಶೀಶೆಯದು. ಸ್ಕ್ರೂ ಬಿಚ್ಚುವ ಮೊದಲು ಅದು ನಿಂತಿದ್ದ ಜಾಗಕ್ಕೆ ಸೂಜಿಯಲ್ಲಿ ಒಂದು ಗೀರು ಹಾಕುವುದು, ಕೆಲಸ ಮುಗಿದ ಮೇಲೆ ಸ್ಕ್ರೂ ಅಲುಗದಂತೆ ಒಂದು ಚುಕ್ಕೆ ಬಣ್ಣ ಇಡುವುದು ನನ್ನ ರೂಢಿ. ಜಿಲ್ಲೆಯಲ್ಲಿ ಆ ಬಣ್ಣ ಇಡುವ ಮೆಕ್ಯಾನಿಕ್ ಇನ್ನೊಬ್ಬನಿರಲಿಲ್ಲ.

ಗೀರು ಒಂದು ಕಡೆ ಇತ್ತು, ಚುಕ್ಕೆ ಇನ್ನೊಂದು ಕಡೆ. ನಡುವೆ ಸರಿಯಾಗಿ ಕಾಲು ಸುತ್ತು.

ನೆನಪಾಯಿತು. ಒಂದು ಆಯುಧ ಪೂಜೆ ಕಳೆದ ವಾರ ಈತ ಕ್ಯಾಮರಾ ತಂದಿದ್ದ, ಟೇಪು ಕಿರ್ ಅನ್ನುತ್ತದೆಂದು. ಒಳಗೆ ಕುಂಕುಮ ಸೇರಿತ್ತು. ಕಂಬ ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದೆ. ಮತ್ತೆ ಕೂರಿಸಿ ಗೀರಿಗೆ ಸರಿಯಾಗಿ ನಿಲ್ಲಿಸಿದಾಗ ಸ್ಕ್ರೂ ಕೈಗೆ ಸಡಿಲ ಅನಿಸಿತು. ರೇಡಿಯೋ ರಿಪೇರಿಯಲ್ಲಿ ಸ್ಕ್ರೂ ಬಿಗಿದು ಬಂದ ಕೈ. ಸಡಿಲ ಕಂಡರೆ ತಿರುಗಿಸುತ್ತದೆ. ಬಿಗಿ ಮಾಡಿದೆ. ಅಂಗಡಿಯನ್ನೇ ಎರಡು ನಿಮಿಷ ರೆಕಾರ್ಡ್ ಮಾಡಿ, ಅದೇ ಕ್ಯಾಮರಾದಲ್ಲಿ ನೋಡಿದೆ. ಚಿತ್ರ ಚೊಕ್ಕವಾಗಿತ್ತು. ಬೇರೆ ಕ್ಯಾಮರಾದಲ್ಲಿ ಬರೆದ ಟೇಪೊಂದನ್ನು ಹಾಕಿ ನೋಡಬೇಕಿತ್ತು. ನೋಡಲಿಲ್ಲ. ಹಳೆಯ ಟೇಪುಗಳನ್ನೆಲ್ಲ ಅವನು ಅಳಿಸಿ ಬಳಸುತ್ತಿದ್ದುದರಿಂದ ಅವನಿಗೂ ಗೊತ್ತಾಗಲಿಲ್ಲ.

ಟೀ ಬಂತು. "ಏನಾದ್ರೂ ಗೊತ್ತಾತಾ ಅಣ್ಣಾ?"

"ಕಂಬ ಸೊಟ್ಟ ಐತೆ," ಎಂದೆ. ಯಾರಿಂದ ಎಂದು ಹೇಳಲಿಲ್ಲ. ಮುಚ್ಚಳ ಹಾಕಿದೆ. ಟೀ ಕುಡಿದು ಬಂದೆ, ಬರುವಾಗ ಅವನ ಟೇಪಿನ ಪೆಟ್ಟಿಗೆಯನ್ನು ತಂದೆ, ಅವನನ್ನೂ ಮರುದಿನ ಅಂಗಡಿಗೆ ಬರಹೇಳಿದೆ.

ಸತ್ತ ಕ್ಯಾಮರಾ ಎಬ್ಬಿಸುವಂತಿರಲಿಲ್ಲ, ಅದರ ಡ್ರಮ್ಮಿನ ಮೋಟಾರು ಸುಟ್ಟಿತ್ತು. ಉಳಿದದ್ದು ಒಂದೇ ಉಪಾಯ. ಚೆನ್ನಾಗಿರುವ ನನ್ನ ಕ್ಯಾಮರಾವನ್ನು ಅದರಷ್ಟೇ ಸೊಟ್ಟ ಮಾಡುವುದು. ಮತ್ತೆ ಸರಿಗೆ ತರಲು ಆಗದಿದ್ದರೆ ಹಳೆಯ ಟೇಪು ಕಂಪ್ಯೂಟರಿಗೆ ಇಳಿಸಿಕೊಡುವ ನನ್ನ ಕಸುಬು ಅಲ್ಲಿಗೆ ಮುಗಿಯಿತು, ಆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಅದಕ್ಕಿಂತ ಹೆದರಿಕೆ ಟೇಪಿನದು. ಕಂಬ ಹೆಚ್ಚು ಇಳಿದರೆ ಅಂಚು ಮಡಿಚಿ ಟೇಪು ನೂಲಿನಂತೆ ಸುತ್ತಿಕೊಳ್ಳುತ್ತದೆ. ಆಕೆಯ ದಾರಿ ಇರುವುದು ಆ ಒಂದೇ ಟೇಪಿನಲ್ಲಿ.

"ಮೊದಲು ಬೇರೆ ಟೇಪಿನ ಮೇಲೆ ನೋಡಾಣ. ಯಾರ ಮದುವೆ ಹಾಳಾದ್ರೆ ಪರವಾಗಿಲ್ಲ?" ಎಂದು, ಮರುದಿನ ಅಂಗಡಿಗೆ ಬಂದ ಹೊಸದುರ್ಗದವನನ್ನು ಕೇಳಿದೆ.

ಆತ ಪೆಟ್ಟಿಗೆಯಲ್ಲಿ ಕೈಯಾಡಿಸಿ ಒಂದನ್ನು ತೆಗೆದ. "ನನ್ನ ಭಾವಮೈದುನಂದು. ಹರಿದ್ರೂ ನಾನೇ ಕಾಯಿ ಒಡೀತೀನಿ, ಹಾಕ್ರಣ್ಣ."

ನನ್ನ ಕ್ಯಾಮರಾದ ಸ್ಕ್ರೂವಿನ ಪಕ್ಕ ಸೂಜಿಯಲ್ಲಿ ಗೀರು ಹಾಕಿದೆ. ಕಂಪನಿ ಇಟ್ಟ ಅರಗಿನ ಚುಕ್ಕೆಯನ್ನು ಕೆರೆದೆ. ಟೇಪು ಓಡುತ್ತಿರುವಾಗಲೇ, ಕಾಲು ಸುತ್ತು, ಬಿಗಿಯುವ ಕಡೆಗೆ. ಚಿತ್ರ ಸುಧಾರಿಸಲಿಲ್ಲ, ಇದ್ದ ಪಟ್ಟಿಯೂ ಹೋಯಿತು. ನನ್ನದು ಬೇರೆ ಕಂಪನಿಯದು, ಅದರ ಸ್ಕ್ರೂವಿನ ತಿರುಪುಗೆರೆ ಇನ್ನೂ ಸಣ್ಣ. ಅಲ್ಲಿನ ಕಾಲು ಸುತ್ತು ಇಲ್ಲಿ ಎಷ್ಟಾಗುತ್ತದೋ ಯಾರಿಗೆ ಗೊತ್ತು. ಕಂಪನಿಗಳ ಜಗಳ ನಿಜಕ್ಕೂ ಅಡ್ಡ ಬಂದದ್ದು ಇಲ್ಲೊಂದೇ ಕಡೆ. ಇನ್ನಷ್ಟು, ಗಡಿಯಾರದ ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುವಷ್ಟು. ಮತ್ತಷ್ಟು. ಒಂದು ಸಲ ಟೇಪಿನ ಅಂಚು ಏಳುತ್ತಿರುವುದು ಕಂಡು ತಟ್ಟನೆ ನಿಲ್ಲಿಸಿದೆ. ಕೈ ಪ್ಯಾಂಟಿಗೆ ಒರೆಸಿಕೊಂಡು ಸ್ಕ್ರೂಡ್ರೈವರ್ ಮತ್ತೆ ಹಿಡಿದೆ. ಅರ್ಧ ಸುತ್ತಿಗೆ ಸ್ವಲ್ಪ ಕಡಿಮೆ ಇದ್ದಾಗ ಮೊದಲು ನಾದಸ್ವರ ಕೇಳಿತು. ಆಮೇಲೆ ಒಂದೊಂದೇ ಪಟ್ಟಿ ಕೂಡಿಕೊಂಡು, ಅವನ ಭಾವಮೈದುನ ಬಾಸಿಂಗ ಕಟ್ಟಿಕೊಂಡು ಎದುರಿಗೆ ಕುಳಿತಿದ್ದ.

"ಅಯ್ಯೋ, ಇವನೇ ಉಳ್ಕಂಡ್ನಲ್ಲಣ್ಣ!" ಎಂದು ಆತ ಚಪ್ಪಾಳೆ ತಟ್ಟಿದ.

ಮರುದಿನ ಆಕೆಯನ್ನು ಕರೆಸಿ ಅವರ ಎದುರಿಗೇ ಅವರ ಟೇಪು ಹಾಕಿದೆ. ಹೃದಯ ಇಲ್ಲ, ಹಂಸ ಇಲ್ಲ. ಎರಡು ಹೊಲಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ, ಪಕ್ಕದಲ್ಲಿ ಸುಣ್ಣ ಬಳಿದ ಬಾಂದುಕಲ್ಲು, ದೂರದಲ್ಲಿ ಕೆರೆ ಏರಿ. ದಿಬ್ಬಣ ಬರುತ್ತಿದ್ದಂತೆ ಕೆರೆಯಿಂದ ಇವರದೇ ಹಿಂಡು ಎದುರಾಗಿ ಬಂತು. "ಥೂ, ಕುರಿ ಹೊಡ್ಕಳ್ರಲೇ!" ಎಂದು ಕ್ಯಾಮರಾ ಹಿಡಿದವನ ದನಿ. ಸಿಟ್ಟಿನಲ್ಲಿ ಅವನು ನಿಲ್ಲಿಸುವ ಗುಂಡಿ ಒತ್ತಿರಲಿಲ್ಲ. ನಾಲ್ಕು ನಿಮಿಷ ಕುರಿಗಳು ಮದುಮಕ್ಕಳ ಎರಡೂ ಪಕ್ಕದಿಂದ ಹರಿದುಹೋದವು. ದಾರಿಗೆ ಬಾಗಿದ್ದ ಜಾಲಿಯ ಟೊಂಗೆಯೊಂದನ್ನು ಒಬ್ಬ ತರುಣ ಕೋಲಿನಿಂದ ಮೇಲಕ್ಕೆತ್ತಿ ಹಿಡಿದು ನಿಂತಿದ್ದ. ಮದುಮಗಳು ತಲೆ ತಗ್ಗಿಸಿಕೊಂಡು ಅದರ ಕೆಳಗೆ ದಾಟಿದಳು.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಇವರು ಅವರೇ ಕಣಣ್ಣ. ಬೇಲಿ ಹಾಕಿದೋರು. ನಾನು ತಲೆ ಎತ್ತೇ ಇರಲಿಲ್ಲ, ಮುಳ್ಳು ಯಾರು ಹಿಡಿದಿದ್ರು ಅಂತ ಇವತ್ತೇ ನೋಡಿದ್ದು."

ವಿಚಾರಣೆಯ ದಿನ ಲ್ಯಾಪ್‌ಟಾಪ್ ಹಿಡಿದು ಮೂವರೂ ಹೊಳಲ್ಕೆರೆಗೆ ಹೋದೆವು. ಚಿತ್ರ ಹಾಕುವ ಮೊದಲೇ ಎದುರು ಕಡೆಯ ವಕೀಲರು ವಿಡಿಯೋದವನನ್ನು ಕೇಳಿದರು, ಈ ಟೇಪು ನಿಮ್ಮಲ್ಲಿ ಓಡಿತ್ತೇ ಎಂದು. ಅವನು ಸುಳ್ಳು ಹೇಳುವವನಲ್ಲ. "ಇಲ್ಲ ಸ್ವಾಮಿ. ಯಾವುದ್ರಾಗೂ ಓಡಲಿಲ್ಲ. ಅಣ್ಣನ ಹತ್ರ ಒಂದ್ರಾಗೇ ಬಂದಿದ್ದು."

"ಎಲ್ಲೂ ಬರದ ಚಿತ್ರ ಇವರ ಮಿಷಿನ್ನಾಗೆ ಮಾತ್ರ ಬಂದೈತೆ. ಕಂಪ್ಯೂಟರ್‌ನಾಗೆ ಈಗ ಏನ್ ಬೇಕಾದ್ರೂ ಸೃಷ್ಟಿ ಮಾಡ್ತಾರೆ ಸಾರ್," ಎಂದರು ವಕೀಲರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬೇರೆ ಕಡೆ ಏಕೆ ಬರುವುದಿಲ್ಲ, ನಿಮ್ಮಲ್ಲಿ ಹೇಗೆ ಬಂತು, ಇಬ್ಬರೂ ಸಹಿ ಮಾಡಿ ಬರೆದುಕೊಡಿ ಎಂದು ಅಧಿಕಾರಿಗಳು ಒಂದು ವಾರ ಮುಂದಕ್ಕೆ ಹಾಕಿದರು. ಬೇಲಿಯ ಯಜಮಾನರು ನಮ್ಮ ಕಡೆ ನೋಡದೆ ಎದ್ದು ಹೋದರು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಕುಳಿತು ಬರೆಯತೊಡಗಿದೆ. "ಕಾರಣಾಂತರದಿಂದ ಕಂಬದ ಎತ್ತರ ವ್ಯತ್ಯಾಸವಾಗಿದ್ದು" ಎಂದು ಒಂದು ಸಾಲು ಬರೆದೆ. ಕಾರಣಾಂತರ ಅಂದರೆ ಏನೆಂದು ಆ ವಕೀಲರು ಮೊದಲನೆಯದಾಗಿ ಕೇಳುತ್ತಾರೆ. ಅವರು ಕೇಳದಿದ್ದರೂ ಅದು ಸುಳ್ಳೇ. ಹಾಳೆ ಹರಿದು ಇನ್ನೊಂದು ತೆಗೆದೆ. ಇಂಥ ವರ್ಷ, ಆಯುಧ ಪೂಜೆಯ ನಂತರ, ಈ ಕ್ಯಾಮರಾವನ್ನು ನಾನು ರಿಪೇರಿ ಮಾಡಿದೆ, ಹತ್ತುವ ಕಡೆಯ ಸ್ಕ್ರೂವನ್ನು ಗೀರಿಗಿಂತ ಕಾಲು ಸುತ್ತು ಹೆಚ್ಚು ತಿರುಗಿಸಿದೆ, ಬೇರೆ ಟೇಪು ಹಾಕಿ ಪರೀಕ್ಷಿಸಲಿಲ್ಲ, ತಪ್ಪು ನನ್ನದು, ಗೀರು ಮತ್ತು ನನ್ನ ನೇರಳೆ ಚುಕ್ಕೆ ಈಗಲೂ ಕ್ಯಾಮರಾದಲ್ಲಿವೆ, ನೋಡಬಹುದು. ಸಹಿ ಹಾಕಿ ಹೊಸದುರ್ಗದವನ ಮುಂದೆ ತಳ್ಳಿದೆ.

ಅವನು ಎರಡು ಸಲ ಓದಿದ. ಟೀ ಆರಿತು.

"ಅವತ್ತು ದೇವರ ಮನೆಯಾಗೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಆ ಖಾಲಿ ಟೇಪ್ ಮಾರಿದ ಅಂಗಡಿಯೋನು ನನ್ನ ಸೋದರತ್ತೆ ಮಗ. ಕೊಳೆತ ಟೇಪ್ ಕೊಟ್ಟೆ ಅಂತ ಬೀದಿಯಾಗೆ ನಿಲ್ಲಿಸ್ಕಂಡು ಬೈದಿದ್ದೆ. ಅವತ್ತಿಂದ ಅವರ ಮನೆ ಮದುವೆಗೂ ಹೋಗಿಲ್ಲ, ಸಾವಿಗೂ ಹೋಗಿಲ್ಲ." ಹಾಳೆಯ ಮೇಲೆ ಬೆರಳಿಟ್ಟ. "ನಿಮ್ಮದು ಬರೀ ಕಾಲು ಸುತ್ತು, ಅಲ್ಲೇನ್ರಿ?"

ಇಷ್ಟು ವರ್ಷದಲ್ಲಿ ಅವನು ನನ್ನ ಜೊತೆ ಅಣ್ಣ ಎಂದು ಸೇರಿಸದೆ ಮಾತನಾಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಆಕೆ ಪಕ್ಕದ ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವನು ಅವರ ಕಡೆ ಒಮ್ಮೆ ನೋಡಿ, "ಪೆನ್ ಕೊಡ್ರಿ," ಎಂದು ಸಹಿ ಹಾಕಿದ.

ಮುಂದಿನ ವಾರ ಅರಿಶಿನ ಕುಂಕುಮದ ಸಮೇತ ಆ ಕ್ಯಾಮರಾವೂ ಕಚೇರಿಗೆ ಬಂತು. ಅಧಿಕಾರಿಗಳು ಭೂತಗನ್ನಡಿ ಹಿಡಿದು ಗೀರು ನೋಡಿದರು, ಚುಕ್ಕೆ ನೋಡಿದರು. ವಕೀಲರೂ ನೋಡಿದರು. ನನ್ನ ಕ್ಯಾಮರಾದಲ್ಲಿ ಮೂಲ ಟೇಪನ್ನೇ ಅಲ್ಲಿ ಓಡಿಸಿದೆ. ದಾರಿ ಬಂತು, ಬಾಂದುಕಲ್ಲು ಬಂತು, ಕುರಿಗಳು ಬಂದವು, ಟೊಂಗೆ ಎತ್ತಿ ಹಿಡಿದ ತರುಣ ಬಂದ.

ವಕೀಲರು ಏನೋ ಹೇಳಲು ಬಾಯಿ ತೆರೆದರು. ಬೇಲಿಯ ಯಜಮಾನರು ಕೈ ಎತ್ತಿ ತಡೆದರು. ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡರು. ತಲೆ ಪೂರ್ತಿ ನರೆತಿತ್ತು, ಮೂಗು ಮಾತ್ರ ಅದೇ.

"ಇನ್ನೊಂದ್ ಸಲ ಹಾಕ್ರಿ," ಎಂದರು.

ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಕೊನೆಯ ಕುರಿ ದಾಟುವವರೆಗೂ ಆ ತರುಣ ಟೊಂಗೆ ಬಿಟ್ಟಿರಲಿಲ್ಲ. ಯಜಮಾನರು ಎದ್ದು, ಆಕೆಯ ಕಡೆ ತಿರುಗದೆ, "ನಾಳೆ ಬೇಲಿ ಕಂಬ ಕೀಳಿಸ್ತೀನಿ ಅಂತ ಬರ್ಕಳ್ರಿ," ಎಂದು ಅಧಿಕಾರಿಗಳಿಗೆ ಹೇಳಿ ಹೊರಗೆ ಹೋದರು.

ಹಿಂಡು ಈಗ ಆ ದಾರಿಯಲ್ಲೇ ನೀರಿಗೆ ಹೋಗುತ್ತದೆ. ಆಕೆಯೇ ಫೋನಿನಲ್ಲಿ ಹೇಳಿದರು, ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು. ಹೊಸದುರ್ಗದವನು ತಿಂಗಳಾದರೂ ಫೋನು ಮಾಡಿರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಗೇ ಬಂದ, ಜೊತೆಯಲ್ಲಿ ಅವನ ವಯಸ್ಸಿನವರೇ ಇನ್ನೊಬ್ಬರು. ಟೇಪು ಕೊಟ್ಟಿದ್ದ ಅಂಗಡಿಯವರೆಂದು ಪರಿಚಯ ಹೇಳಿದ. ಅವರ ತಂಗಿಯ ಮದುವೆಯದೂ ಅದೇ ಪೆಟ್ಟಿಗೆಯಲ್ಲಿತ್ತಂತೆ.

"ಸ್ಕ್ರೂ ಇನ್ನೂ ಹಂಗೇ ಐತೇನಣ್ಣ?" ಎಂದು ಕೇಳಿದ.

ಹಾಗೇ ಇತ್ತು. ನೇರಳೆ ಶೀಶೆ ಎಂದೋ ಒಣಗಿಹೋಗಿದೆ, ಹೊಸದು ತಂದಿಲ್ಲ. ಪೆಟ್ಟಿಗೆಯಲ್ಲಿ ಇನ್ನೂ ಇಪ್ಪತ್ತಾರು ಮದುವೆಗಳಿದ್ದವು. ಇಬ್ಬರಿಗೂ ಸ್ಟೂಲು ಎಳೆದು ಕೊಟ್ಟು, ಮೊದಲನೆಯದನ್ನು ಹಾಕಿದೆ.